ಹಿರಿಯ ರಿಸೀವರ್ ತಂಡ ಬದಲಿಸಿದಾಗ, ಯಾರು ಯಾರನ್ನು ಬಿಟ್ಟರು ಎಂಬುದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಾದ ಎನ್‌ಎಫ್‌ಎಲ್‌ನ ಲೆಕ್ಕದ ವರ್ಷ ಮಾರ್ಚ್ ತಿಂಗಳ ನಡುವೆ ಆರಂಭವಾಗುತ್ತದೆ. ಒಪ್ಪಂದದ ಅವಧಿ ಮುಗಿದ ಆಟಗಾರರು ಆ ದಿನದಿಂದ ತಮಗೆ ಒಪ್ಪಿಗೆಯಾದ ಯಾವ ತಂಡಕ್ಕಾದರೂ ಸಹಿ ಹಾಕಬಹುದು. ಈ ವ್ಯವಸ್ಥೆಗೇ ಅಲ್ಲಿ ಫ್ರೀ ಏಜೆನ್ಸಿ ಎನ್ನುತ್ತಾರೆ. ಪ್ರತಿವರ್ಷವೂ ಆ ವಾರದಲ್ಲಿ ಒಂದೇ ತಂಡದ ಅಂಗಿ ತೊಟ್ಟು ಎಂಟು, ಹತ್ತು, ಹದಿಮೂರು ವರ್ಷ ಆಡಿದ ಒಬ್ಬಿಬ್ಬರು ಹಿರಿಯ ರಿಸೀವರ್‌ಗಳಾದರೂ, ಅಂದರೆ ಎಸೆದ ಚೆಂಡನ್ನು ಓಡಿ ಹಿಡಿಯುವ ಆಟಗಾರರಾದರೂ, ಬೇರೆ ಊರಿನ ತಂಡಕ್ಕೆ ಹೋಗುತ್ತಾರೆ. ಆ ಸುದ್ದಿ ಕನ್ನಡ ಪತ್ರಿಕೆಗಳ ಕ್ರೀಡಾಪುಟಕ್ಕೆ ಬರುವುದು ಅಪರೂಪ. ಬಂದಾಗಲೂ ಇಷ್ಟು ವರ್ಷಕ್ಕೆ ಇಷ್ಟು ಕೋಟಿ ಡಾಲರ್ ಪಡೆದು ಹಳೆಯ ತಂಡವನ್ನು ತೊರೆದರು ಎಂಬ ಒಂದೇ ಧಾಟಿಯಲ್ಲಿ ಅದು ಅಚ್ಚಾಗುತ್ತದೆ. ಓದಿದವರಿಗೆ ಅಭಿಮಾನಿಗಳ ಪ್ರೀತಿಗಿಂತ ಹಣವೇ ಅವರಿಗೆ ದೊಡ್ಡದಾಯಿತೆಂಬ ಭಾವನೆ ಉಳಿಯುತ್ತದೆ. ಈ ಧಾಟಿ ಹಲವು ಆಟಗಾರರಿಗೆ ಅನ್ಯಾಯ ಮಾಡುತ್ತಿದೆ ಎಂದು ನನಗೆ ಬಲವಾಗಿ ಅನ್ನಿಸಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಒಬ್ಬ ಆಟಗಾರ ಹಳೆಯ ತಂಡದಿಂದ ಹೊರಬೀಳುವುದಕ್ಕೆ ಎನ್‌ಎಫ್‌ಎಲ್‌ನಲ್ಲಿ ಬೇರೆ ಬೇರೆ ದಾರಿಗಳಿವೆ. ಒಪ್ಪಂದ ಮುಗಿದ ಮೇಲೆ ಆತನೇ ಬೇರೆ ತಂಡವನ್ನು ಆರಿಸಿಕೊಳ್ಳಬಹುದು. ಒಪ್ಪಂದದಲ್ಲಿ ಇನ್ನೂ ವರ್ಷಗಳು ಉಳಿದಿರುವಾಗಲೇ ತಂಡ ಆತನನ್ನು ಬಿಡುಗಡೆ ಮಾಡಿ ಕಳುಹಿಸಬಹುದು. ಅಲ್ಲಿನ ಹೆಚ್ಚಿನ ಒಪ್ಪಂದಗಳಲ್ಲಿ ಪೂರ್ತಿ ಹಣಕ್ಕೆ ಖಾತರಿ ಇರುವುದಿಲ್ಲವಾದ್ದರಿಂದ ಐದು ವರ್ಷದ ಒಪ್ಪಂದವೆಂದು ಸುದ್ದಿಯಾದದ್ದು ಮೂರನೇ ವರ್ಷಕ್ಕೇ ಮುಗಿದುಹೋಗುವುದು ಸಾಮಾನ್ಯ. ಇನ್ನು ಮೂರನೆಯದು, ಆತನ ಒಪ್ಪಂದವನ್ನೇ ಬೇರೆ ತಂಡಕ್ಕೆ ವರ್ಗಾಯಿಸಿ ಪ್ರತಿಯಾಗಿ ಡ್ರಾಫ್ಟ್‌ನ, ಅಂದರೆ ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಕ್ರಮದ, ಆಯ್ಕೆಯ ಸರದಿಯನ್ನೋ ಬೇರೊಬ್ಬ ಆಟಗಾರನನ್ನೋ ಪಡೆಯುವುದು. ಈ ಮೂರರಲ್ಲಿ ಮೊದಲನೆಯದು ಮಾತ್ರ ಆಟಗಾರನ ತೀರ್ಮಾನ. ಉಳಿದೆರಡೂ ತಂಡದ ತೀರ್ಮಾನಗಳು. ಮೂರನ್ನೂ ಒಂದೇ ಕ್ರಿಯಾಪದದಲ್ಲಿ ಮುಗಿಸಿದರೆ ಯಾರ ಕೈಯಲ್ಲಿ ಏನಿತ್ತೆಂಬುದೇ ಓದುಗರಿಗೆ ತಿಳಿಯದೆ ಹೋಗುತ್ತದೆ.

ಕೂಪರ್ ಕಪ್ ಅವರ ಉದಾಹರಣೆಯನ್ನೇ ನೋಡಿ. 2017ರ ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ ಲಾಸ್ ಏಂಜಲೀಸ್ ರ್‍ಯಾಮ್ಸ್ ತಂಡಕ್ಕೆ ಆಯ್ಕೆಯಾದ ಅವರು ಈಸ್ಟರ್ನ್ ವಾಷಿಂಗ್ಟನ್ ಎಂಬ, ದೊಡ್ಡ ತಂಡಗಳ ಸಾಲಿಗೆ ಸೇರದ ವಿಶ್ವವಿದ್ಯಾಲಯದಿಂದ ಬಂದವರು. 2021ರ ಋತುವಿನಲ್ಲಿ 145 ಕ್ಯಾಚ್, 1,947 ಯಾರ್ಡ್ (ಚೆಂಡು ಹಿಡಿದು ಮುನ್ನಡೆದ ದೂರ), 16 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಗಳಿಸಿ ಮೂರೂ ಪಟ್ಟಿಗಳಲ್ಲಿ ಲೀಗಿಗೇ ಮೊದಲಿಗರಾದರು. 2022ರ ಫೆಬ್ರವರಿಯಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ವಿರುದ್ಧ 23–20ರಲ್ಲಿ ಗೆದ್ದ, ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಎರಡು ಟಚ್‌ಡೌನ್ ಗಳಿಸಿ ಪಂದ್ಯಶ್ರೇಷ್ಠರಾದರು. ಅದಾದ ಮೇಲಿನ ಋತುಗಳಲ್ಲಿ ಗಾಯಗಳು ಅವರನ್ನು ಮತ್ತೆ ಮತ್ತೆ ಹೊರಗೆ ಕೂರಿಸಿದವು. 2025ರ ಫೆಬ್ರವರಿಯಲ್ಲಿ ತಂಡ ತಮ್ಮನ್ನು ವರ್ಗಾಯಿಸಲು ಹೊರಟಿದೆ ಎಂಬುದನ್ನು ಕಪ್ ಅವರೇ ಅಭಿಮಾನಿಗಳಿಗೆ ತಿಳಿಸಿದರು. ಈ ತೀರ್ಮಾನಕ್ಕೆ ತಮ್ಮ ಒಪ್ಪಿಗೆಯಿಲ್ಲ, ಲಾಸ್ ಏಂಜಲೀಸ್‌ನಲ್ಲಿ ಆರಂಭವಾದದ್ದು ಅಲ್ಲಿಯೇ ಮುಗಿಯುತ್ತದೆಂದು ನಂಬಿದ್ದೆ ಎಂಬ ಅರ್ಥದಲ್ಲಿ ಅವರು ಸ್ಪಷ್ಟವಾಗಿ ಹೇಳಿದ್ದರು. ಕೊಳ್ಳುವ ತಂಡ ಸಿಗಲಿಲ್ಲ. ಮಾರ್ಚ್‌ನಲ್ಲಿ ರ್‍ಯಾಮ್ಸ್ ಅವರನ್ನು ಬಿಡುಗಡೆ ಮಾಡಿತು. ಅವರು ತಮ್ಮ ಹುಟ್ಟೂರು ಯಾಕಿಮಾ ಇರುವ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಸೀಹಾಕ್ಸ್ ತಂಡಕ್ಕೆ ಮೂರು ವರ್ಷಕ್ಕೆ 4.5 ಕೋಟಿ ಡಾಲರಿನ ಒಪ್ಪಂದದ ಮೇಲೆ ಸೇರಿದರು. ಇಷ್ಟು ಸಂಗತಿಗಳನ್ನು ಬಲ್ಲ ಯಾರಾದರೂ ಕಪ್ ರ್‍ಯಾಮ್ಸ್ ತಂಡವನ್ನು ತೊರೆದರೆಂದು ಬರೆಯಲು ಸಾಧ್ಯವೇ? ಎಂಟು ಋತುಗಳ ಸೇವೆಯ ಕೊನೆಯಲ್ಲಿ ಅವರು ಹೊರಗೆ ಹೋಗಲೆಂದು ಬಯಸಿದ ಪಕ್ಷ ಒಂದೇ, ಅದು ತಂಡ.

ಅದೇ ಮಾರ್ಚ್‌ನಲ್ಲಿ ನಡೆದ ಇನ್ನೆರಡು ಸಂಗತಿಗಳನ್ನು ಇದರ ಪಕ್ಕದಲ್ಲಿಡಬೇಕು. ಕಪ್ ಅವರನ್ನು ಕರೆದುಕೊಂಡ ಸಿಯಾಟಲ್, ತನ್ನಲ್ಲಿ ಹತ್ತು ಋತು ಆಡಿದ್ದ ರಿಸೀವರ್ ಟೈಲರ್ ಲಾಕೆಟ್ ಅವರನ್ನು ಕೆಲವೇ ದಿನಗಳ ಹಿಂದೆ ಬಿಡುಗಡೆ ಮಾಡಿತ್ತು. ಕಪ್ ಅವರನ್ನು ಬಿಟ್ಟ ರ್‍ಯಾಮ್ಸ್, ಅವರ ಜಾಗಕ್ಕೆ ದವಾಂತೆ ಆಡಮ್ಸ್ ಅವರನ್ನು ಕರೆತಂದಿತು. ಆಡಮ್ಸ್ ಹುಟ್ಟಿದ್ದು 1992ರ ಡಿಸೆಂಬರ್‌ನಲ್ಲಿ, ಕಪ್ ಹುಟ್ಟಿದ್ದು 1993ರ ಜೂನ್‌ನಲ್ಲಿ. ಅಂದರೆ ಬಂದವರು ಹೋದವರಿಗಿಂತ ಆರು ತಿಂಗಳು ಹಿರಿಯರು. ಆದ್ದರಿಂದ ಮೂವತ್ತು ದಾಟಿತು, ಕಾಲು ನಿಧಾನವಾಯಿತು, ಹೀಗಾಗಿ ತಂಡ ಬಿಟ್ಟುಕೊಟ್ಟಿತು ಎಂದು ವಯಸ್ಸಿನ ಮೇಲೆ ಭಾರ ಹಾಕಿ ಮುಗಿಸುವ ವಿವರಣೆಯೂ ಸಾಲದು. ವಯಸ್ಸು ಒಂದು ಕಾರಣ ಹೌದು. ಆದರೆ ಅದಕ್ಕಿಂತ ಹೆಚ್ಚಿನ ಕೆಲಸ ಮಾಡುವುದು ಲೆಕ್ಕದ ಪುಸ್ತಕ.

ಆ ಲೆಕ್ಕ ಇಷ್ಟು. ಪ್ರತಿ ತಂಡವೂ ಒಂದು ವರ್ಷದಲ್ಲಿ ಆಟಗಾರರಿಗೆ ಕೊಡಬಹುದಾದ ಒಟ್ಟು ವೇತನಕ್ಕೆ ಲೀಗ್ ಮಿತಿ ಹಾಕಿದೆ. ಐಪಿಎಲ್ ಹರಾಜಿನಲ್ಲಿ ಪ್ರತಿ ತಂಡದ ಚೀಲಕ್ಕೂ ಮಿತಿಯಿರುವುದನ್ನು ಬಲ್ಲ ನಮ್ಮ ಓದುಗರಿಗೆ ಇದು ಹೊಸದೇನಲ್ಲ. 1994ರಲ್ಲಿ ಈ ಮಿತಿ ಮೊದಲ ಬಾರಿ ಜಾರಿಯಾದಾಗ 3.46 ಕೋಟಿ ಡಾಲರ್ ಇತ್ತು, 2025ಕ್ಕೆ 27.92 ಕೋಟಿ ಡಾಲರಿಗೆ ಏರಿತು. ಹಿರಿಯ ಆಟಗಾರನ ಒಪ್ಪಂದದಲ್ಲಿ ಸಹಿ ಮಾಡುವಾಗಲೇ ಕೈಗೆ ಬರುವ ದೊಡ್ಡ ಬೋನಸ್ ಇರುತ್ತದೆ. ಹಣ ಒಮ್ಮೆಗೇ ಪಾವತಿಯಾದರೂ ಲೆಕ್ಕದಲ್ಲಿ ಅದನ್ನು ಒಪ್ಪಂದದ ವರ್ಷಗಳಿಗೆ, ಗರಿಷ್ಠ ಐದು ವರ್ಷಕ್ಕೆ, ಹಂಚಿ ಬರೆಯಲು ಅವಕಾಶವಿದೆ. ಎರಡು ಕೋಟಿ ಡಾಲರ್ ಬೋನಸ್ ಕೊಟ್ಟು ಐದು ವರ್ಷಕ್ಕೆ ಸಹಿ ಮಾಡಿಸಿಕೊಂಡರೆ ವರ್ಷಕ್ಕೆ ನಲವತ್ತು ಲಕ್ಷದಂತೆ ಖರ್ಚು ಬೀಳುತ್ತದೆ. ಮೂರು ವರ್ಷಕ್ಕೇ ಆತನನ್ನು ಬಿಟ್ಟರೆ ಉಳಿದ ಎಂಬತ್ತು ಲಕ್ಷವೂ ಒಟ್ಟಿಗೇ ತಂಡದ ಲೆಕ್ಕಕ್ಕೆ ಬಂದು ಕೂರುತ್ತದೆ. ಆಟಗಾರ ತಂಡದಲ್ಲಿಲ್ಲ, ಆದರೆ ಆತನ ಹೆಸರಿನ ಖರ್ಚು ಇದೆ. ಜೂನ್ 1ರ ನಂತರ ಬಿಡುಗಡೆ ಮಾಡಿದರೆ ಈ ಭಾರವನ್ನು ಎರಡು ವರ್ಷಗಳಿಗೆ ಹಂಚಿಕೊಳ್ಳಬಹುದು. ಆದ್ದರಿಂದ ಹಿರಿಯ ರಿಸೀವರ್ ಒಬ್ಬರು ಯಾವ ವರ್ಷ, ಯಾವ ತಿಂಗಳು ಹೊರಬೀಳುತ್ತಾರೆ ಎಂಬುದನ್ನು ಅವರು ಹಿಡಿದ ಚೆಂಡುಗಳ ಸಂಖ್ಯೆಯಷ್ಟೇ ಈ ಹಂಚಿಕೆಯೂ ನಿರ್ಧರಿಸುತ್ತದೆ.

ಇದರ ಜೊತೆಗೆ ಡ್ರಾಫ್ಟ್‌ನಿಂದ ಬರುವ ಹುಡುಗರ ನಾಲ್ಕು ವರ್ಷದ ಮೊದಲ ಒಪ್ಪಂದ ಎಷ್ಟು ಅಗ್ಗವೆಂಬುದನ್ನೂ ನೆನೆಯಬೇಕು. ರ್‍ಯಾಮ್ಸ್ 2023ರ ಐದನೇ ಸುತ್ತಿನಲ್ಲಿ ಆರಿಸಿಕೊಂಡ ಪುಕಾ ನಕುವಾ ಮೊದಲ ಋತುವಿನಲ್ಲೇ 105 ಕ್ಯಾಚ್ ಮತ್ತು 1,486 ಯಾರ್ಡ್ ಗಳಿಸಿ ಹೊಸಬರ ದಾಖಲೆ ಮುರಿದಾಗ, ಕಪ್ ಅವರ ದೊಡ್ಡ ಸಂಬಳದ ಸಾಲು ಲೆಕ್ಕಪತ್ರದಲ್ಲಿ ಇನ್ನಷ್ಟು ಎದ್ದು ಕಾಣತೊಡಗಿರಬೇಕು. ತಂಡದ ಆಡಳಿತಗಾರರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಮಿತಿಯೊಳಗೆ ಐವತ್ಮೂರು ಮಂದಿಯ ತಂಡ ಕಟ್ಟುವುದು ಅವರ ಕೆಲಸ, ಅದನ್ನು ಅವರು ಮಾಡುತ್ತಾರೆ. ಆದರೆ ಅವರು ಲೆಕ್ಕ ಹಾಕಿದಾಗ ಅದನ್ನು ಜಾಣತನವೆಂದೂ, ಆಟಗಾರ ಲೆಕ್ಕ ಹಾಕಿದಾಗ ಅದನ್ನು ದುರಾಸೆಯೆಂದೂ ಬರೆಯುವುದು ಸರಿಯಲ್ಲ.

ಆಟಗಾರನೇ ಆಯ್ದುಕೊಂಡು ಹೋದ ಪ್ರಸಂಗಗಳೂ ಇವೆ. ಅವುಗಳಲ್ಲಿಯೂ ವಿವರ ಮುಖ್ಯ. ವೆಸ್ ವೆಲ್ಕರ್ 2007ರಿಂದ 2012ರವರೆಗೆ ಆರು ಋತುಗಳಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಪರವಾಗಿ 672 ಚೆಂಡು ಹಿಡಿದವರು. ಅದರಲ್ಲಿ ಐದು ಋತುಗಳಲ್ಲಿ ನೂರರ ಗಡಿ ದಾಟಿದ್ದರು. 2012ರಲ್ಲಿ ಅವರ ಒಪ್ಪಂದ ಮುಗಿದಾಗ ತಂಡ ಅವರನ್ನು ಫ್ರಾಂಚೈಸ್ ಟ್ಯಾಗ್ ಹಾಕಿ ಉಳಿಸಿಕೊಂಡಿತು. ಅಂದರೆ ವರ್ಷಕ್ಕೆ ಒಬ್ಬ ಆಟಗಾರನನ್ನು, ಒಪ್ಪಂದ ಮುಗಿದಿದ್ದರೂ, ನಿಗದಿತ ಸಂಬಳ ಕೊಟ್ಟು ಇನ್ನೊಂದು ವರ್ಷ ತನ್ನಲ್ಲೇ ಇಟ್ಟುಕೊಳ್ಳುವ ಹಕ್ಕು ತಂಡಕ್ಕಿದೆ. ಆ ಒಂದು ವರ್ಷ ಕಳೆದು, ಮೂವತ್ತೆರಡರ ಹೊಸ್ತಿಲಲ್ಲಿ ನಿಜವಾಗಿ ಸ್ವತಂತ್ರರಾದಾಗ ಅವರು ಎರಡು ವರ್ಷಕ್ಕೆ 1.2 ಕೋಟಿ ಡಾಲರಿನ ಮೇಲೆ ಡೆನ್ವರ್ ಬ್ರಾಂಕೋಸ್ ಸೇರಿದರು. ಪೇಟ್ರಿಯಟ್ಸ್ ಅವರ ಜಾಗಕ್ಕೆ ನಾಲ್ಕು ವರ್ಷ ಚಿಕ್ಕವರಾದ ಡ್ಯಾನಿ ಅಮೆಂಡೋಲಾ ಅವರನ್ನು ಐದು ವರ್ಷಕ್ಕೆ 3.1 ಕೋಟಿ ಡಾಲರಿನ ಒಪ್ಪಂದ ಮಾಡಿ ಕರೆತಂದಿತು. ಅಮೆಂಡೋಲಾ ಮುಂದೆ ಆ ತಂಡದೊಂದಿಗೆ ಎರಡು ಸೂಪರ್ ಬೌಲ್ ಗೆದ್ದರು, ಆದ್ದರಿಂದ ತಂಡದ ಲೆಕ್ಕ ತಪ್ಪೆಂದು ಯಾರೂ ಹೇಳಲಾರರು. ವೆಲ್ಕರ್ ಮಾಡಿದ್ದರಲ್ಲಿ ಮಾತ್ರ ತಪ್ಪೇನಿತ್ತು? ಸ್ವತಂತ್ರವಾದ ಆಟಗಾರ ತನ್ನನ್ನು ಹೆಚ್ಚು ಬಯಸಿದ ತಂಡಕ್ಕೆ ಹೋದದ್ದು, ಅಷ್ಟೇ.

ಹೀಗೆ ಹೋಗುವ ಹಕ್ಕು ಆಟಗಾರರಿಗೆ ಯಾರೂ ದಾನವಾಗಿ ಕೊಟ್ಟದ್ದಲ್ಲ ಎಂಬುದು ನಮ್ಮ ವರದಿಗಳಲ್ಲಿ ಬರುವುದೇ ಇಲ್ಲ. ಆ ಹೋರಾಟದ ಇತಿಹಾಸ ಶುರುವಾಗುವುದೇ ಒಬ್ಬ ರಿಸೀವರ್‌ನಿಂದ. ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡದ ಆರ್.ಸಿ. ಓವನ್ಸ್, ಎತ್ತರಕ್ಕೆ ಎಸೆದ ಚೆಂಡನ್ನು ರಕ್ಷಕರ ತಲೆಯ ಮೇಲಿಂದ ನೆಗೆದು ಹಿಡಿಯುವ ಆಟಕ್ಕೆ ಹೆಸರಾದವರು, ಚೆಂಡು ಎಸೆಯುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ವೈ.ಎ. ಟಿಟಲ್ ಅವರೊಂದಿಗೆ ಅವರು ಜನಪ್ರಿಯಗೊಳಿಸಿದ ಆ ಆಟಕ್ಕೆ ಆ್ಯಲೀ-ಊಪ್ ಎಂದೇ ಹೆಸರು ಬಿದ್ದಿತ್ತು. ಒಪ್ಪಂದ ಮುಗಿದ ನಂತರ ತಂಡ ಒಂದು ವರ್ಷ ಹೆಚ್ಚುವರಿಯಾಗಿ ಆಡಿಸಿಕೊಳ್ಳಬಹುದೆಂಬ ಆಗಿನ ನಿಯಮದಂತೆ 1961ರ ಋತುವನ್ನು ಪೂರೈಸಿ, ಸಾವಿರ ಯಾರ್ಡ್ ದಾಟಿ, 1962ರಲ್ಲಿ ಅವರು ಬಾಲ್ಟಿಮೋರ್ ಕೋಲ್ಟ್ಸ್‌ಗೆ ಹೋದರು. ಮಾಲೀಕರಿಗೆ ಇದು ಅಪಾಯದ ಬಾಗಿಲಾಗಿ ಕಂಡಿತು. ಮರುವರ್ಷವೇ ಹೊಸ ನಿಯಮ ಬಂದಿತು: ಹೀಗೆ ಬಂದ ಆಟಗಾರನನ್ನು ಸೇರಿಸಿಕೊಳ್ಳುವ ತಂಡ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕು, ಎರಡೂ ತಂಡಗಳು ಒಪ್ಪದಿದ್ದರೆ ಲೀಗಿನ ಆಯುಕ್ತ ಪೀಟ್ ರೊಜೆಲ್ ಹೇಳಿದ್ದೇ ಅಂತಿಮ.

ಆ ನಿಯಮದ ಬಿಸಿ ಏನೆಂಬುದು 1968ರಲ್ಲಿ ಇನ್ನೊಬ್ಬ ರಿಸೀವರ್‌ನ ಪ್ರಸಂಗದಲ್ಲಿ ಎಲ್ಲರಿಗೂ ತಟ್ಟಿತು. ಅದೇ ಫಾರ್ಟಿನೈನರ್ಸ್‌ನ ಡೇವ್ ಪಾರ್ಕ್ಸ್ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ಗೆ ಹೋದಾಗ, ಸೇಂಟ್ಸ್ ಮೊದಲ ಸುತ್ತಿನಲ್ಲಿ ಆರಿಸಿಕೊಂಡಿದ್ದ ಆಟಗಾರನನ್ನೂ ಮರುವರ್ಷದ ಮೊದಲ ಸುತ್ತಿನ ಆಯ್ಕೆಯನ್ನೂ ರೊಜೆಲ್ ಹಳೆಯ ತಂಡಕ್ಕೆ ಕೊಡಿಸಿದರು. ಅಷ್ಟು ಬೆಲೆ ತೆರಬೇಕಾಗಬಹುದೆಂಬ ಹೆದರಿಕೆಯಲ್ಲಿ ಮುಂದೆ ಯಾವ ತಂಡ ತಾನೇ ಕೈಹಾಕೀತು? 1963ರಿಂದ 1974ರವರೆಗೆ ಒಪ್ಪಂದವನ್ನು ಪೂರ್ತಿ ಆಡಿ ಮುಗಿಸಿದ 176 ಆಟಗಾರರಲ್ಲಿ ಬೇರೆ ತಂಡ ಸೇರಲು ಸಾಧ್ಯವಾದದ್ದು 34 ಮಂದಿಗೆ ಮಾತ್ರ. ಈ ಅಂಕಿಗಳು ದಾಖಲಾಗಿರುವುದು ಆ ನಿಯಮವನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ. ಅದನ್ನು ಹೂಡಿದವರಲ್ಲಿ ಮುಂದೆ ನಿಂತವರು ಬಾಲ್ಟಿಮೋರ್‌ನ ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ ಜೊತೆಗೆ ಪಾಸ್ ಕೂಡ ಹಿಡಿಯುವ ಸ್ಥಾನದ ಆಟಗಾರ), ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಜಾನ್ ಮ್ಯಾಕಿ. ಅವರೂ ಪಾಸ್ ಹಿಡಿಯುವುದರಲ್ಲಿ ತಮ್ಮ ಕಾಲದ ಶ್ರೇಷ್ಠರಲ್ಲೊಬ್ಬರು. 1975ರಲ್ಲಿ ಮಿನ್ನೆಸೋಟದ ಫೆಡರಲ್ ನ್ಯಾಯಾಲಯವೂ 1976ರಲ್ಲಿ ಮೇಲ್ಮನವಿ ನ್ಯಾಯಾಲಯವೂ ರೊಜೆಲ್ ನಿಯಮ ಏಕಸ್ವಾಮ್ಯ ತಡೆ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತವು.

ಗೆದ್ದರೂ ಬಾಗಿಲು ತೆರೆಯಲಿಲ್ಲ. 1977ರ ಒಪ್ಪಂದದಲ್ಲಿ ಪರಿಹಾರದ ನಿಯಮ ಬೇರೆ ರೂಪದಲ್ಲಿ ಮರಳಿತು. 1987ರಲ್ಲಿ ಆಟಗಾರರು ಮುಖ್ಯವಾಗಿ ಈ ಸ್ವಾತಂತ್ರ್ಯಕ್ಕಾಗಿಯೇ ಮುಷ್ಕರ ಹೂಡಿದಾಗ ಮಾಲೀಕರು ಬದಲಿ ಆಟಗಾರರನ್ನು ಕರೆತಂದು ಮೂರು ವಾರ ಪಂದ್ಯ ನಡೆಸಿದರು; ಮುಷ್ಕರ ಮುರಿಯಿತು. 1989ರಲ್ಲಿ ಪ್ರತಿ ತಂಡವೂ 37 ಆಟಗಾರರನ್ನು ಹಿಡಿದಿಟ್ಟುಕೊಂಡು ಉಳಿದವರನ್ನಷ್ಟೇ ಬಿಡುವ ಯೋಜನೆ ಬಂದಿತು; ಅಂದರೆ ಬೇಡಿಕೆಯಿದ್ದವರಿಗೆ ಸ್ವಾತಂತ್ರ್ಯವಿಲ್ಲ, ಬೇಡದವರಿಗೆ ಮಾತ್ರ ಉಂಟು. 1992ರ ಸೆಪ್ಟೆಂಬರ್‌ನಲ್ಲಿ ಫ್ರೀಮನ್ ಮೆಕ್‌ನೀಲ್ ಮತ್ತಿತರರು ಹೂಡಿದ ಮೊಕದ್ದಮೆಯಲ್ಲಿ ಮಿನಿಯಾಪೊಲಿಸ್‌ನ ಜ್ಯೂರಿ ಅದನ್ನೂ ಕಾನೂನುಬಾಹಿರವೆಂದ ಮೇಲೆಯೇ ಮಾಲೀಕರು ಮಾತುಕತೆಗೆ ಬಂದರು. 1993ರಲ್ಲಿ ಇಂದಿನ ರೂಪದ ಫ್ರೀ ಏಜೆನ್ಸಿ ಆರಂಭವಾಯಿತು. ಪ್ರತಿಯಾಗಿ ಆಟಗಾರರು ವೇತನ ಮಿತಿಯನ್ನು ಒಪ್ಪಿಕೊಂಡರು. ಆ ವರ್ಷವೇ ರಕ್ಷಣಾ ಆಟಗಾರ ರೆಜಿ ವೈಟ್ ಫಿಲಡೆಲ್ಫಿಯಾದಿಂದ ಗ್ರೀನ್ ಬೇಗೆ ನಾಲ್ಕು ವರ್ಷಕ್ಕೆ 1.7 ಕೋಟಿ ಡಾಲರಿನ ಮೇಲೆ ಹೋದದ್ದು ಆ ಹಕ್ಕಿನ ಮೊದಲ ದೊಡ್ಡ ಬಳಕೆ. ಮೂವತ್ತು ವರ್ಷ ನಡೆದ ಈ ಹೋರಾಟದಲ್ಲಿ ತಮ್ಮ ಆಟದ ಒಳ್ಳೆಯ ವರ್ಷಗಳನ್ನೇ ಪಣವಾಗಿಟ್ಟವರು ಎಷ್ಟೋ ಮಂದಿ. ಇಂದು ಒಬ್ಬ ಹಿರಿಯ ರಿಸೀವರ್ ಆ ಹಕ್ಕನ್ನು ಬಳಸಿದರೆ ಅದರಲ್ಲಿ ಕೃತಘ್ನತೆಯನ್ನು ಕಾಣುವವರು ಇದನ್ನು ತಿಳಿಯಬೇಕೆಂಬುದೇ ನನ್ನ ಆಸೆ.

ಹಳೆಯ ಕಾಲದ ಆಟಗಾರರು ಒಂದೇ ತಂಡದಲ್ಲಿ ಜೀವ ಸವೆಸಿದರು, ಈಗಿನವರಿಗೆ ಆ ನಿಷ್ಠೆಯಿಲ್ಲ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಹೋಗಲು ದಾರಿಯೇ ಇಲ್ಲದಿದ್ದ ಕಾಲದಲ್ಲಿ ಉಳಿದದ್ದನ್ನು ನಿಷ್ಠೆಯೆಂದು ಅಳೆಯುವುದು ಹೇಗೆ? ಅವರಲ್ಲಿ ತಂಡವನ್ನು ಮನಸಾರೆ ಪ್ರೀತಿಸಿದವರು ಖಂಡಿತ ಇದ್ದರು, ಆದರೆ ಅದನ್ನು ಪರೀಕ್ಷಿಸುವ ಸಂದರ್ಭವೇ ಅವರಿಗೆ ಬರಲಿಲ್ಲ. ಲ್ಯಾರಿ ಫಿಟ್ಜ್‌ಜೆರಾಲ್ಡ್ ಅವರಿಗೆ ಬಂದಿತ್ತು. 2004ರಿಂದ 2020ರವರೆಗೆ ಹದಿನೇಳು ಋತು ಅರಿಜೋನಾ ಕಾರ್ಡಿನಲ್ಸ್ ಒಂದಕ್ಕೇ ಆಡಿ 1,432 ಚೆಂಡು ಹಿಡಿದ ಅವರು ಕೊನೆಯ ವರ್ಷಗಳಲ್ಲಿ ಗೆಲ್ಲುವ ತಂಡವೊಂದಕ್ಕೆ ಹೋಗಬಹುದಿತ್ತು, ಹೋಗಲಿಲ್ಲ. ಅವರು ಆಡಿದ ಒಂದೇ ಸೂಪರ್ ಬೌಲ್‌ನಲ್ಲಿ, 2009ರ ಫೆಬ್ರವರಿಯಲ್ಲಿ, ಪಿಟ್ಸ್‌ಬರ್ಗ್ ವಿರುದ್ಧ ಕಾರ್ಡಿನಲ್ಸ್ 27–23ರಲ್ಲಿ ಸೋತಿತು. ಟ್ರೋಫಿಯಿಲ್ಲದೆಯೇ ಅವರ ಆಟ ಮುಗಿಯಿತು. ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಆ ಗೌರವಕ್ಕೆ ಅರ್ಥ ಬರುವುದು ಅವರು ಹೋಗಬಹುದಾಗಿದ್ದರಿಂದ, ಮತ್ತು ಅವರ ತಂಡವೂ ಅವರನ್ನು ಕೊನೆಯವರೆಗೆ ಬಯಸಿದ್ದರಿಂದ. ಎರಡನೆಯದು ಎಲ್ಲರಿಗೂ ಒದಗುವ ಭಾಗ್ಯವಲ್ಲ.

ಜೆರ್ರಿ ರೈಸ್ ಅವರಿಗೇ ಒದಗಲಿಲ್ಲವೆಂದ ಮೇಲೆ ಬೇರೆಯವರ ಮಾತೇನು? 1985ರಲ್ಲಿ ಮಿಸಿಸಿಪ್ಪಿ ವ್ಯಾಲಿ ಸ್ಟೇಟ್ ಎಂಬ ಸಣ್ಣ ವಿಶ್ವವಿದ್ಯಾಲಯದಿಂದ ಬಂದು ಹದಿನಾರು ಋತು ಫಾರ್ಟಿನೈನರ್ಸ್‌ಗೆ ಆಡಿ, ಮೂರು ಸೂಪರ್ ಬೌಲ್ ಗೆದ್ದು, ರಿಸೀವರ್‌ಗಳ ಬಹುತೇಕ ಎಲ್ಲ ದಾಖಲೆಗಳನ್ನೂ ತಮ್ಮ ಹೆಸರಿಗೆ ಬರೆಸಿಕೊಂಡವರು ಅವರು. 2000ದ ಡಿಸೆಂಬರ್ 17ರಂದು ಷಿಕಾಗೋ ಬೇರ್ಸ್ ವಿರುದ್ಧದ ಪಂದ್ಯ ತವರಿನ ಮೈದಾನದಲ್ಲಿ ಅವರ ಕೊನೆಯದೆಂದು ಎಲ್ಲರಿಗೂ ಗೊತ್ತಿತ್ತು. ಆ ದಿನ ಇನ್ನೊಂದು ತುದಿಯಲ್ಲಿ ನಿಂತಿದ್ದ, ಅವರದೇ ತಂಡದ ರಿಸೀವರ್ ಟೆರೆಲ್ ಓವೆನ್ಸ್ 20 ಕ್ಯಾಚ್ ಹಿಡಿದು, ಐವತ್ತು ವರ್ಷ ಹಳೆಯದಾಗಿದ್ದ ಒಂದೇ ಪಂದ್ಯದ 18ರ ದಾಖಲೆಯನ್ನು ಮುರಿದರು. ವೇತನ ಮಿತಿಯ ಇಕ್ಕಟ್ಟಿನಲ್ಲಿದ್ದ ತಂಡ 2001ರ ಜೂನ್‌ನಲ್ಲಿ ರೈಸ್ ಅವರನ್ನು ಬಿಡುಗಡೆ ಮಾಡಿತು. ಅವರಿಗೆ ಆಗ ಮೂವತ್ತೆಂಟು. ಅವರು ಕೊಲ್ಲಿಯ ಆಚೆ ದಡದ ಓಕ್‌ಲ್ಯಾಂಡ್ ರೈಡರ್ಸ್‌ಗೆ ಹೋದರು. ಅಲ್ಲಿ 2001ರಲ್ಲಿ 1,139 ಯಾರ್ಡ್, ಮರುವರ್ಷ ನಲವತ್ತು ತುಂಬಿದ ಋತುವಿನಲ್ಲಿ 92 ಕ್ಯಾಚ್ ಮತ್ತು 1,211 ಯಾರ್ಡ್ ಗಳಿಸಿ ತಂಡದೊಂದಿಗೆ ಸೂಪರ್ ಬೌಲ್‌ವರೆಗೆ ನಡೆದರು. ಆ ಪಂದ್ಯದಲ್ಲಿ ಟ್ಯಾಂಪಾ ಬೇ ಎದುರು ರೈಡರ್ಸ್ 48–21ರಲ್ಲಿ ಸೋತರೂ ರೈಸ್ ಅಲ್ಲಿಯೂ ಒಂದು ಟಚ್‌ಡೌನ್ ಗಳಿಸಿದರು. ಹಳೆಯ ತಂಡದ ಲೆಕ್ಕದಲ್ಲಿ ಮುಗಿದಿದ್ದ ಆಟಗಾರನ ಕೈಯಲ್ಲಿ ಇಷ್ಟು ಆಟ ಇನ್ನೂ ಇತ್ತು.

2006ರಲ್ಲಿ ಫಾರ್ಟಿನೈನರ್ಸ್ ಅವರನ್ನು ಮರಳಿ ಕರೆದು ಒಂದು ದಿನದ ಒಪ್ಪಂದಕ್ಕೆ ಸಹಿ ಹಾಕಿಸಿ ತಮ್ಮ ತಂಡದವರಾಗಿ ನಿವೃತ್ತರಾಗಲು ಅವಕಾಶ ಮಾಡಿತು. ಆ ಒಪ್ಪಂದದ ಮೊತ್ತ ಕಾಗದದ ಮೇಲೆ 19,85,806 ಡಾಲರ್ 49 ಸೆಂಟ್: 1985 ಅವರು ಬಂದ ವರ್ಷ, 80 ಅವರ ಅಂಗಿಯ ಸಂಖ್ಯೆ, 6 ನಿವೃತ್ತಿಯ ವರ್ಷ, 49 ತಂಡದ ಹೆಸರು. ಹಣ ಕೈ ಬದಲಾಗಲಿಲ್ಲ. ಅದು ಗೌರವದ ಸಂಕೇತ ಮಾತ್ರ. ಇಂಥ ಒಂದು ದಿನದ ಒಪ್ಪಂದಗಳು ಅಲ್ಲಿ ಈಗ ರೂಢಿಯಾಗಿವೆ. ಓಕ್‌ಲ್ಯಾಂಡ್‌ನಲ್ಲಿ ರೈಸ್ ಅವರ ಜೊತೆಗಾರರಾಗಿದ್ದ ಟಿಮ್ ಬ್ರೌನ್ ಹದಿನಾರು ಋತು ರೈಡರ್ಸ್‌ಗೆ ಆಡಿ, 2004ರಲ್ಲಿ ಬಿಡುಗಡೆಯಾಗಿ ಟ್ಯಾಂಪಾ ಬೇಗೆ ಹೋಗಿ, 2005ರಲ್ಲಿ ಹೀಗೆಯೇ ಮರಳಿ ರೈಡರ್ಸ್‌ನವರಾಗಿ ನಿವೃತ್ತರಾದರು. 2015ರಲ್ಲಿ ಹನ್ನೆರಡು ಋತುಗಳ ನಂತರ ಹ್ಯೂಸ್ಟನ್ ಟೆಕ್ಸನ್ಸ್‌ನಿಂದ ಹೊರಬಿದ್ದ ಆಂಡ್ರೆ ಜಾನ್ಸನ್ 2017ರಲ್ಲಿ ಹಾಗೆಯೇ ಮಾಡಿದರು. ಅಂದರೆ ಬಿಟ್ಟುಹೋದರೆಂದು ಅಭಿಮಾನಿಗಳು ನೊಂದುಕೊಂಡ ಆಟಗಾರರೇ ಕೊನೆಯ ಸಹಿಗೆ ಮತ್ತೆ ಹಳೆಯ ಮನೆಯನ್ನು ಆರಿಸಿಕೊಂಡಿದ್ದಾರೆ. ತಂಡದ ಮೇಲಿನ ಅವರ ಮಮತೆಯನ್ನು ಅನುಮಾನಿಸುವವರು ಇದಕ್ಕೇನು ಹೇಳುತ್ತಾರೆ?

ಹಿರಿಯ ರಿಸೀವರ್ ಹೊಸ ತಂಡದಲ್ಲಿ ಹೊಂದಿಕೊಳ್ಳಲಾರ ಎಂಬ ಇನ್ನೊಂದು ಮಾತಿದೆ. ಇದರಲ್ಲಿ ತುಸು ಹುರುಳಿದೆ. ರಿಸೀವರ್‌ನ ಓಟಗಳಲ್ಲಿ ಹಲವು ಮೊದಲೇ ಗೀಚಿಟ್ಟ ಗೆರೆಗಳಲ್ಲ; ಚೆಂಡು ಆಟಕ್ಕೆ ಬಂದ ಮೇಲೆ ಎದುರಾಳಿ ರಕ್ಷಕರು ಒಬ್ಬೊಬ್ಬರನ್ನು ಬೆನ್ನಟ್ಟುತ್ತಿದ್ದಾರೋ ಅಥವಾ ಜಾಗಗಳನ್ನು ಕಾಯುತ್ತಿದ್ದಾರೋ ಎಂಬುದನ್ನು ಓಡುತ್ತಲೇ ಗ್ರಹಿಸಿ, ಒಳಕ್ಕೆ ತಿರುಗಬೇಕೋ ಹೊರಕ್ಕೋ ಎಂದು ಆತ ನಿರ್ಧರಿಸಬೇಕು. ಕ್ವಾರ್ಟರ್‌ಬ್ಯಾಕ್ ಅದೇ ಕ್ಷಣದಲ್ಲಿ ಅದನ್ನೇ ಗ್ರಹಿಸಿ, ರಿಸೀವರ್ ತಿರುಗುವ ಮೊದಲೇ ಆ ಜಾಗಕ್ಕೆ ಚೆಂಡು ಎಸೆದಿರಬೇಕು. ವರ್ಷಗಟ್ಟಲೆ ಒಟ್ಟಿಗೆ ಆಡಿದವರಿಗೆ ಇದು ಸಲೀಸು, ಹೊಸಬರಿಗೆ ಕಷ್ಟ. ಆದರೆ ಅನುಭವ ಕಲಿಸುವುದು ಒಬ್ಬ ಕ್ವಾರ್ಟರ್‌ಬ್ಯಾಕ್‌ನ ಅಭ್ಯಾಸಗಳನ್ನಷ್ಟೇ ಅಲ್ಲ, ರಕ್ಷಣೆಯನ್ನು ಓದುವ ವಿದ್ಯೆಯನ್ನು. ಕಪ್ ಅವರ 145 ಕ್ಯಾಚ್‌ಗಳ ಋತು ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟ್ಯಾಫರ್ಡ್ ಜೊತೆಗಿನ ಮೊದಲ ಋತುವೇ ಆಗಿತ್ತು. ಜೋ ಮೊಂಟಾನಾ, ಸ್ಟೀವ್ ಯಂಗ್ ಅವರೊಂದಿಗೆ ಬೆಳೆದ ರೈಸ್ ಓಕ್‌ಲ್ಯಾಂಡ್‌ನಲ್ಲಿ ರಿಚ್ ಗ್ಯಾನನ್ ಜೊತೆ ಹೊಂದಿಕೊಳ್ಳಲು ವರ್ಷ ತೆಗೆದುಕೊಳ್ಳಲಿಲ್ಲ. ಸ್ಟೀವ್ ಸ್ಮಿತ್ ಅವರನ್ನು ಕೆರೊಲಿನಾ ಪ್ಯಾಂಥರ್ಸ್ ಹದಿಮೂರು ಋತುಗಳ ನಂತರ 2014ರ ಮಾರ್ಚ್‌ನಲ್ಲಿ ಬಿಟ್ಟಾಗ ಅವರು ಆ ತಂಡದ ಅತಿಹೆಚ್ಚು ಕ್ಯಾಚ್‌ಗಳ ಒಡೆಯರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಾಲ್ಟಿಮೋರ್ ರೇವನ್ಸ್ ಪರವಾಗಿ ಹಳೆಯ ತಂಡದ ವಿರುದ್ಧವೇ 139 ಯಾರ್ಡ್, ಎರಡು ಟಚ್‌ಡೌನ್ ಗಳಿಸಿ 38–10ರ ಗೆಲುವಿಗೆ ಕಾರಣರಾದರು. ಮೂವತ್ತೈದರ ಆ ಋತುವಿನಲ್ಲಿ ಅವರ ಒಟ್ಟು ಗಳಿಕೆ 1,065 ಯಾರ್ಡ್. ಹೊಂದಿಕೊಳ್ಳಲಾಗದೆ ಸೋತವರೂ ಇದ್ದಾರೆ. ಗ್ರೀನ್ ಬೇ 2018ರಲ್ಲಿ ಬಿಟ್ಟ ಜಾರ್ಡಿ ನೆಲ್ಸನ್ ಓಕ್‌ಲ್ಯಾಂಡ್‌ನಲ್ಲಿ ಒಂದೇ ಋತು ಆಡಿ ನಿಲ್ಲಿಸಿದರು. ಹೇಗಾದೀತೆಂದು ಮೊದಲೇ ತೀರ್ಪು ಕೊಡುವಷ್ಟು ಏಕರೂಪ ಇದರಲ್ಲಿಲ್ಲ.

ಅಭಿಮಾನಿಗಳ ನೋವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಹತ್ತು ವರ್ಷ ಭಾನುವಾರಗಳಂದು ಒಬ್ಬನ ಅಂಗಿಯ ಸಂಖ್ಯೆಯನ್ನು ಹುಡುಕಿ ನೋಡಿದ ಕಣ್ಣಿಗೆ ಆತ ಬೇರೆ ಬಣ್ಣದಲ್ಲಿ ಕಂಡಾಗ ಸಂಕಟವಾಗುವುದು ಸಹಜ, ಆ ಸಂಕಟ ನನಗೂ ಆಗಿದೆ. ಆದರೆ ಪತ್ರಿಕೆಯ ಕೆಲಸ ಆ ಸಂಕಟಕ್ಕೆ ಒಬ್ಬ ಅಪರಾಧಿಯನ್ನು ಹುಡುಕಿಕೊಡುವುದಲ್ಲ, ನಡೆದದ್ದೇನೆಂದು ತಿಳಿಸುವುದು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಇನ್ನು ಮುಂದೆ ಇಂಥ ಸುದ್ದಿ ಬಂದಾಗ, ಒಪ್ಪಂದದ ಅವಧಿ ಮುಗಿದಿತ್ತೋ ಅಥವಾ ಅವಧಿಯಿರುವಾಗಲೇ ತಂಡ ಬಿಡುಗಡೆ ಮಾಡಿತೋ ಎಂಬುದನ್ನು ಮೊದಲ ವಾಕ್ಯದಲ್ಲೇ ಬರೆಯಿರಿ. ಹೊಸ ಒಪ್ಪಂದದ ಒಟ್ಟು ಮೊತ್ತದ ಪಕ್ಕದಲ್ಲಿ ಖಾತರಿಯಾದ ಮೊತ್ತವೆಷ್ಟೆಂದು ತಿಳಿದುಬಂದರೆ ಅದನ್ನೂ ಕೊಡಿ, ಏಕೆಂದರೆ ಆಟಗಾರನ ಕೈಗೆ ನಿಶ್ಚಯವಾಗಿ ಬರುವುದು ಅದೊಂದೇ. ಹಳೆಯ ತಂಡ ಮರಳಿ ಕರೆದಿತ್ತೇ, ಕರೆದಿದ್ದರೆ ಎಷ್ಟಕ್ಕೆ ಎಂಬುದು ವರದಿಯಾಗಿದ್ದರೆ ಅದನ್ನು ಬಿಡಬೇಡಿ. ಒಪ್ಪಂದ ಮುಗಿದು ಹೋದ ಆಟಗಾರನ ಬದಲಿಗೆ ಹಳೆಯ ತಂಡಕ್ಕೆ ಡ್ರಾಫ್ಟ್‌ನಲ್ಲಿ ಹೆಚ್ಚುವರಿ ಆಯ್ಕೆ ಸಿಗುವ ಸಂಭವವಿದೆ, ಬಿಡುಗಡೆಯಾದವನಿಗೆ ಅದು ಸಿಗುವುದಿಲ್ಲ. ಜಾಗವಿದ್ದರೆ ಈ ಒಂದು ಸಾಲನ್ನೂ ಸೇರಿಸಬಹುದು. ಇವೆಲ್ಲ ಸೇರಿದರೂ ಈಗ ಅಚ್ಚಾಗುವ ನಾಲ್ಕು ಸಾಲುಗಳು ಏಳೆಂಟು ಸಾಲುಗಳಾಗುತ್ತವೆ, ಅಷ್ಟೇ.

ಇಂತಿ,
ತಮ್ಮ ಪತ್ರಿಕೆಯ ಓದುಗ